ಕಾದಂಬರಿಮಾಲೆಗಳೂ ವಾಚಕರ ನಿಷ್ಠೆಯೂ

ಮನೆಯಲ್ಲಿ ಪುಸ್ತಕಗಳನ್ನು ಇಟ್ಟುಕೊಂಡವರಲ್ಲಿ ಎರಡು ಬಗೆಯವರುಂಟು. ಕೈಗೆ ಸಿಕ್ಕಿದ ಪುಸ್ತಕವನ್ನು ಒಮ್ಮೆ ಓದಿ, ಚೆನ್ನಾಗಿದೆಯೆಂದೋ ಚೆನ್ನಾಗಿಲ್ಲವೆಂದೋ ಹೇಳಿ, ಅದನ್ನು ಮರೆತುಬಿಡುವವರು ಒಂದು ಬಗೆಯವರು. ಒಬ್ಬ ಲೇಖಕನ ಒಂದು ಮಾಲೆಯನ್ನು ಹಿಡಿದು ವರ್ಷಗಟ್ಟಲೆ ಅದರ ಬೆನ್ನು ಬಿಡದೆ, ಒಂದು ಭಾಗವು ಮುಗಿದೊಡನೆ ಮುಂದಿನದರ ಹಾದಿ ಕಾಯುತ್ತ, ಕೊನೆಯ ಭಾಗವು ಮುಗಿದ ಮೇಲೆ ಮತ್ತೆ ಮೊದಲನೆಯದನ್ನು ಕೈಗೆ ತೆಗೆದುಕೊಳ್ಳುವವರು ಇನ್ನೊಂದು ಬಗೆಯವರು. ಈ ಎರಡನೆಯ ಬಗೆಯವರನ್ನು ಕಂಡು ಉಳಿದವರು ನಗುವದುಂಟು. ಓದಿದ್ದನ್ನೇ ಓದುವದೇತಕ್ಕೆ, ಕಥೆಯ ಕೊನೆ ಗೊತ್ತೇ ಇರುವದಲ್ಲವೆ ಎಂದು ಕೇಳುವದುಂಟು. ಆದರೆ ಒಂದು ಭಾಷೆಯ ಪುಸ್ತಕಗಳು ಬದುಕುವದು ಈ ಎರಡನೆಯ ಬಗೆಯ ವಾಚಕರಿಂದಲೇ ಎಂಬದನ್ನು ನಮ್ಮ ನಾಡಿನ ಕಳೆದ ನೂರು ನೂರಿಪ್ಪತ್ತು ವರ್ಷಗಳ ವೃತ್ತಾಂತವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಈ ಮಾತನ್ನು ಗದಗ ಸೀಮೆಯ ಕುರ್ತಕೋಟಿಯಂಥ ಒಂದು ಊರನ್ನು ನಡುವೆ ಇಟ್ಟುಕೊಂಡು ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದು ಎಣಿಸಿದ್ದೇವೆ.

ಮೊದಲು ದೂರದ ಒಂದು ಉದಾಹರಣೆಯನ್ನು ನೋಡೋಣ. ಇಂಗ್ಲೀಷ ಕಾದಂಬರಿಕಾರನಾದ ಪ್ಯಾಟ್ರಿಕ್ ಓಬ್ರಿಯಾನ್ ಎಂಬವನು 1969ರಿಂದ 1999ರ ವರೆಗೆ, ಅಂದರೆ ಮೂವತ್ತು ವರ್ಷಗಳಲ್ಲಿ, ಒಂದೇ ಕಥಾಸೂತ್ರದ 20 ಕಾದಂಬರಿಗಳನ್ನು ಬರೆದು ಮುಗಿಸಿದನು. ಗಾಳಿಯ ಬಲದಿಂದ ಹಾಯಿಹಡಗುಗಳು ಸಾಗುತ್ತಿದ್ದ ಕಾಲದ, ಇಂಗ್ಲೆಂಡಕ್ಕೂ ನೆಪೋಲಿಯನ್ನನ ಫ್ರಾನ್ಸಕ್ಕೂ ನಡೆದ ಯುದ್ಧಗಳ ಕಥೆಗಳವು. ಜ್ಯಾಕ್ ಆಬ್ರಿ ಎಂಬ ಹಡಗಿನ ಕಪ್ತಾನನೂ ಸ್ಟೀಫನ್ ಮ್ಯಾಟುರಿನ್ ಎಂಬ ವೈದ್ಯನೂ ಅವುಗಳಲ್ಲಿ ಮೊದಲಿನಿಂದ ಕೊನೆಯ ವರೆಗೆ ಕೂಡಿ ನಡೆಯುತ್ತಾರೆ. ಒಬ್ಬನು ಸಮುದ್ರದ ಮೇಲೆ ಶೂರನು, ನೆಲದ ಮೇಲೆ ವ್ಯವಹಾರ ತಿಳಿಯದವನು. ಇನ್ನೊಬ್ಬನು ಪಕ್ಷಿ ಕೀಟಗಳ ಶಾಸ್ತ್ರವನ್ನು ಬಲ್ಲವನು, ಗೂಢಚಾರನು, ಆದರೆ ಹಡಗನ್ನು ಹತ್ತುವಾಗ ನೀರಿಗೆ ಬೀಳುವವನು. ಒಬ್ಬನು ಪಿಟೀಲನ್ನೂ ಇನ್ನೊಬ್ಬನು ಸೆಲ್ಲೋ ಎಂಬ ದೊಡ್ಡ ತಂತಿವಾದ್ಯವನ್ನೂ ನುಡಿಸುವರು. ಹಗಲು ತೋಪಿನ ಸಪ್ಪಳ, ರಾತ್ರಿ ಸಂಗೀತ. ಈ ಗೆಳೆತನವೇ ಇಪ್ಪತ್ತೂ ಭಾಗಗಳ ಬೆನ್ನೆಲುಬು.

ಆ ಮಾಲೆಯ ಭಾಗ್ಯವು ವಾಚಕರ ನಿಷ್ಠೆಯಿಂದಲೇ ತೆರೆಯಿತು. ಮೊದಲಿನ ಕೆಲವು ಭಾಗಗಳ ಬಳಿಕ ಅಮೇರಿಕೆಯಲ್ಲಿ ಅದರ ಪ್ರಕಟಣೆಯು ನಿಂತುಹೋಗಿತ್ತು. 1990ರಲ್ಲಿ ನಾರ್ಟನ್ ಎಂಬ ಪ್ರಕಾಶನ ಸಂಸ್ಥೆಯು ಅದನ್ನು ಮತ್ತೆ ಕೈಗೆತ್ತಿಕೊಂಡಿತು. 1991ರ ಜನೇವರಿಯಲ್ಲಿ ನ್ಯೂಯಾರ್ಕಿನ ದೊಡ್ಡ ದಿನಪತ್ರಿಕೆಯ ಪುಸ್ತಕ ಪುರವಣಿಯಲ್ಲಿ ರಿಚರ್ಡ್ ಸ್ನೋ ಎಂಬ ಬರಹಗಾರನು ಈ ಮಾಲೆಯನ್ನು ಬಾಯ್ತುಂಬ ಹೊಗಳಿ ಬರೆದ ಮೇಲೆ ಮಾಲೆಯ ಹೆಸರು ಆ ದೇಶದಲ್ಲಿ ಮನೆಮಾತಾಯಿತು. ವಾಚಕರು ಓದಿ ಸುಮ್ಮನಾಗಲಿಲ್ಲ. ಹಾಯಿ, ಹಗ್ಗ, ಕೂವೆಗಳ ಹಳೆಯ ಶಬ್ದಗಳು ತಿಳಿಯದೆಂದು ಆ ಶಬ್ದಗಳಿಗಾಗಿಯೇ ಒಂದು ಕೋಶವು 1995ರಲ್ಲಿ ಹೊರಟಿತು. ಕಥೆಯಲ್ಲಿ ಹಡಗಿನವರು ಉಣ್ಣುವ ಪದಾರ್ಥಗಳನ್ನೆಲ್ಲ ಅಮೇರಿಕೆಯ ಒಬ್ಬ ತಾಯಿ ಮತ್ತು ಆಕೆಯ ಮಗಳು ತಮ್ಮ ಅಡಿಗೆಮನೆಯಲ್ಲಿ ಮಾಡಿ ನೋಡಿ 1997ರಲ್ಲಿ ಒಂದು ಪಾಕಪುಸ್ತಕವನ್ನೇ ಪ್ರಕಟಿಸಿದರು. ಹಡಗಿನ ಹುಡುಗರು ಹಸಿವೆ ತಾಳದೆ ಇಲಿಗಳನ್ನು ಬೇಯಿಸಿಕೊಂಡು ತಿನ್ನುವ ಸಂಗತಿ ಕಥೆಯಲ್ಲಿ ಬರುತ್ತದೆ. ಆ ಅಡಿಗೆಯನ್ನು ಕೂಡ ಅವರು ಬಿಡಲಿಲ್ಲವಂತೆ! ಲೇಖಕನು 2000ನೆಯ ಇಸವಿಯ ಜನೇವರಿಯಲ್ಲಿ ತೀರಿಕೊಂಡಾಗ ಇಪ್ಪತ್ತೊಂದನೆಯ ಭಾಗವು ಅರ್ಧಕ್ಕೇ ನಿಂತಿತ್ತು. ವಾಚಕರ ಆಸೆಗಾಗಿ ಆ ಅಪೂರ್ಣ ಬರವಣಿಗೆಯನ್ನೂ 2004ರಲ್ಲಿ ಅಚ್ಚು ಹಾಕಬೇಕಾಯಿತು.

ಈ ಮಾಲೆಗೂ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸ್ವಲ್ಪ ಸಂಬಂಧವಿದೆ. ಮಾಲೆಯ ಮೂರನೆಯ ಕಾದಂಬರಿಯಲ್ಲಿ ಕಥಾನಾಯಕರ ಹಡಗು ಮುಂಬಯಿಗೆ ಬರುತ್ತದೆ. ಆ ಕಾಲದ ಇಂಗ್ಲೀಷ ನೌಕಾಪಡೆಯ ಕೆಲವು ಒಳ್ಳೆಯ ಹಡಗುಗಳು ಮುಂಬಯಿಯಲ್ಲಿಯೇ, ವಾಡಿಯಾ ಮನೆತನದ ಪಾರ್ಸಿ ಕುಶಲಿಗಳ ಕೈಯಲ್ಲಿ, ಮಲಬಾರದ ತೇಗದ ಮರದಿಂದ ಆದವು. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೋಮಾಲಿ’ ಎಂಬ ಹಡಗು ಇಂದಿಗೂ ಇಂಗ್ಲೆಂಡದ ಹಾರ್ಟಲ್‌ಪೂಲ್ ಬಂದರದಲ್ಲಿ ತೇಲುತ್ತಲಿದೆ. ಆದರೆ ನಾವು ಹೇಳಬೇಕೆಂದಿರುವ ಸಂಬಂಧವು ಇದಕ್ಕಿಂತ ಹತ್ತಿರದ್ದು. ಹಾಯಿಹಡಗನ್ನು ಕಣ್ಣಿನಿಂದ ಕಾಣದ ಊರಿನವರು ಹಾಯಿಹಡಗಿನ ಕಥೆಗೆ ಮನಸೋಲುವಂತೆ, ಆನೆಗೊಂದಿಯನ್ನೂ ಹಂಪೆಯನ್ನೂ ಕಾಣದ ಎರೆಭೂಮಿಯ ಒಕ್ಕಲು ಮನೆಗಳು ವಿಜಯನಗರದ ಕಥೆಗೆ ಮನಸೋತದ್ದು ಈ ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಯಾಗಿದೆ. ಅದೂ ಓಬ್ರಿಯಾನನು ಹುಟ್ಟುವದಕ್ಕೆ ಮುಂಚೆಯೇ ಮೊದಲಾದದ್ದು.

ಕುರ್ತಕೋಟಿಯು ಗದಗ ತಾಲೂಕಿನ ಊರು. ಸುತ್ತಲೂ ಎರೆಯ ಹೊಲ. ಜೋಳ, ಹತ್ತಿ, ಮೆಣಸಿನಕಾಯಿಗಳ ಬೆಳೆ. ಮಳೆಯು ಬಂದರೆ ಸುಗ್ಗಿ, ಬಾರದಿದ್ದರೆ ಬರ. ಸಮುದ್ರವೆಂಬದು ಸಹ್ಯಾದ್ರಿಯ ಆಚೆಯ ಮಾತು. ಆದರೆ ಒಂದು ದೊಡ್ಡ ಕಥೆಯನ್ನು ದಿನಕ್ಕಿಷ್ಟರಂತೆ, ಹಲವು ದಿನಗಳ ವರೆಗೆ ಕೇಳುವ ರೂಢಿಯು ಈ ಸೀಮೆಗೆ ಇಂದು ನಿನ್ನೆಯದಲ್ಲ. ಗದಗಿನ ವೀರನಾರಾಯಣನನ್ನು ನೆನೆದು ಕುಮಾರವ್ಯಾಸನು 15ನೆಯ ಶತಮಾನದಲ್ಲಿ ಭಾರತದ ಹತ್ತು ಪರ್ವಗಳನ್ನು ಷಟ್ಪದಿಯಲ್ಲಿ ಹಾಡಿದನು. ಅಂದಿನಿಂದ ಆ ಗ್ರಂಥವು ಗುಡಿಯ ಪ್ರಾಂಗಣದಲ್ಲಿ, ಗೌಡರ ಚಾವಡಿಯಲ್ಲಿ, ಮನೆಯ ಪಡಸಾಲೆಯಲ್ಲಿ ರಾಗದಿಂದ ಓದಲ್ಪಡುತ್ತ ಬಂದಿತು. ಒಬ್ಬನು ಓದುವನು, ಬಲ್ಲವನೊಬ್ಬನು ಅರ್ಥವನ್ನು ಹೇಳುವನು, ಅಕ್ಷರ ಬಾರದ ಮಂದಿಯೂ ಕುಳಿತು ಕೇಳುವರು. ಮಳೆಯು ಹಿಂದೆಗೆದಾಗ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುವದೆಂಬ ನಂಬಿಗೆಯು ಹಳ್ಳಿಹಳ್ಳಿಗಳಲ್ಲಿತ್ತು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣವು ತಿಂಗಳುಗಟ್ಟಲೆ ನಡೆಯುವದನ್ನು ಇಂದಿಗೂ ಕಾಣಬಹುದು.

ಈ ಶ್ರೋತೃಗಳಿಗೆ ಕಥೆಯ ಕೊನೆ ಗೊತ್ತಿರಲಿಲ್ಲವೆ? ಕೀಚಕನು ಸಾಯುವನೆಂಬದು ಕೂಸಿಗೂ ಗೊತ್ತು. ಆದರೂ ಜನರು ಮರುದಿನ ಸಂಜೆ ದನಗಳನ್ನು ಕಟ್ಟಿ, ಕೈಕಾಲು ತೊಳೆದುಕೊಂಡು ಮತ್ತೆ ಬರುವರು. ಆದುದರಿಂದ ಮಾಲೆಯ ಕಥೆಗೆ ಮನಸೋಲುವದೆಂದರೆ ಮುಂದೇನಾಗುವದೆಂಬ ಕುತೂಹಲವೊಂದೇ ಅಲ್ಲವೆಂದಾಯಿತು. ಪರಿಚಿತರಾದ ಭೀಮ ದ್ರೌಪದಿಯರ ಸಂಗಡ ಮತ್ತೊಂದು ಸಂಜೆಯನ್ನು ಕಳೆಯುವ ಹಂಬಲವೇ ಅದರಲ್ಲಿ ಹೆಚ್ಚಿನದು. ಮುಂದೆ ಅಚ್ಚಿನ ಕಾದಂಬರಿಯು ಈ ನಾಡಿಗೆ ಬಂದಾಗ ಅದಕ್ಕೆ ಸಿದ್ಧವಾದ ನೆಲವು ದೊರೆತದ್ದು ಹೀಗೆ.

ಆದರೆ ಅಚ್ಚಿನ ಕಾದಂಬರಿಯ ಹಾದಿಯು ಸುಗಮವಾಗಿರಲಿಲ್ಲ. ಆಗಿನ ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯಲ್ಲಿ. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರವು, ಅಂದರೆ ಹಿಂದಿನವರು ತಿರುಳುಗನ್ನಡದ ನೆಲೆಯೆಂದು ಕೊಂಡಾಡಿದ ಆ ಪುಲಿಗೆರೆಯೇ, ಮಿರಜ ಸಂಸ್ಥಾನದಲ್ಲಿ. ಕಚೇರಿಯಲ್ಲಿಯೂ ಸಾಲೆಯಲ್ಲಿಯೂ ಬಹುಕಾಲ ಮರಾಠಿಯದೇ ಪ್ರಾಬಲ್ಯ. ಕಲಿತವರು ಮನೆಯಲ್ಲಿ ಕನ್ನಡವನ್ನಾಡಿ, ಓದಬೇಕೆಂದಾಗ ಮರಾಠಿ ಪುಸ್ತಕವನ್ನು ಕೈಗೆ ತೆಗೆದುಕೊಳ್ಳುವರು. ಇದನ್ನು ಕಂಡು ನೊಂದವರು ಕೂಡಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಅತ್ತ ಮೈಸೂರ ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು (1845–1914) ಬಂಗಾಲದ ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಕನ್ನಡಕ್ಕೆ ತಂದು ಓದುವ ಹವ್ಯಾಸವನ್ನು ಹುಟ್ಟಿಸಿದರು. ಇತ್ತ ಉತ್ತರದಲ್ಲಿ ಆ ಕೆಲಸಕ್ಕೆ ಟೊಂಕ ಕಟ್ಟಿದವರು ಗಳಗನಾಥರು.

ಗಳಗನಾಥರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅವರು 1869ರಲ್ಲಿ ಹುಟ್ಟಿದರು. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳದಲ್ಲಿರುವ ಗಳಗನಾಥವೆಂಬ ಊರು ಅವರದು. ಇಂದು ಹಾವೇರಿ ಜಿಲ್ಲೆಯಲ್ಲಿದೆ. ಅದೇ ತುಂಗಭದ್ರೆಯು ಮುಂದೆ ಹರಿದು ಶಿರಹಟ್ಟಿ ಮುಂಡರಗಿ ತಾಲೂಕುಗಳ ಅಂಚನ್ನು ಮುಟ್ಟುತ್ತದೆ. ಸಾಲೆಯ ಮಾಸ್ತರಿಕೆ ಅವರ ಉದ್ಯೋಗ. ಆ ನೌಕರಿಯಲ್ಲಿದ್ದುಕೊಂಡೇ ಬರೆದ ‘ಪ್ರಬುದ್ಧ ಪದ್ಮನಯನೆ’ ಎಂಬ ಕಾದಂಬರಿಯಿಂದ ಅವರ ಹೆಸರು ಬೆಳಕಿಗೆ ಬಂದಿತು. ಮುಂದೆ ನೌಕರಿಯನ್ನು ಬಿಟ್ಟು ಲೇಖನಿಯನ್ನೇ ನಂಬಿದರು. 1907ರಲ್ಲಿ ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಟಾಗ ಅದರ ಜೀವಾಳವು ಅವರೇ ಆದರು. ಪತ್ರಿಕೆಯ ಹೆಸರಿಗೆ ತಕ್ಕಂತೆ ಅದರಲ್ಲಿ ನೀತಿ, ಭಕ್ತಿ, ಸತ್ಪುರುಷರ ಚರಿತ್ರೆಗಳಿದ್ದವು. ಆದರೆ ಮನೆಮಂದಿಯು ಸಂಚಿಕೆಯ ಹಾದಿಯನ್ನು ಕಾಯುತ್ತಿದ್ದದ್ದು ಗಳಗನಾಥರ ಕಾದಂಬರಿಯ ಮುಂದಿನ ಪ್ರಕರಣಕ್ಕಾಗಿ.

ಮಾಸಪತ್ರಿಕೆಯೊಂದು ಆಗ ಹಳ್ಳಿಯನ್ನು ಮುಟ್ಟುವ ಬಗೆಯನ್ನು ಈಗಿನ ತರುಣರು ಊಹಿಸಿಕೊಳ್ಳಬೇಕು. 1880ರ ದಶಕದಲ್ಲಿ ರೇಲ್ವೆಯು ಬಂದು ಗದಗವು ಕೂಡುನಿಲ್ದಾಣವಾಗಿತ್ತು. ಅಲ್ಲಿಂದ ಟಪಾಲಿನವನು ಚೀಲವನ್ನು ಹೊತ್ತು ಹಳ್ಳಿಗಳಿಗೆ ನಡೆಯುವನು. ಒಂದು ಊರಿಗೆ ಒಂದೋ ಎರಡೋ ಪ್ರತಿಗಳು ಬರಬಹುದು: ಸಾಲೆಯ ಮಾಸ್ತರರಿಗೊಂದು, ಕುಲಕರ್ಣಿಯವರಿಗೋ ಗೌಡರಿಗೋ ಒಂದು. ಆದರೆ ಒಂದು ಪ್ರತಿಗೆ ಒಬ್ಬನೇ ವಾಚಕನಲ್ಲ. ರಾತ್ರಿ ಊಟವಾದ ಮೇಲೆ ಕಂದೀಲಿನ ಬೆಳಕಿನಲ್ಲಿ ಅಕ್ಷರ ಬಲ್ಲವನೊಬ್ಬನು ಗಟ್ಟಿಯಾಗಿ ಓದುವನು. ಅಜ್ಜಿಯು ಬತ್ತಿಯನ್ನು ಹೊಸೆಯುತ್ತ, ಸೊಸೆಯು ಬಾಗಿಲ ಮರೆಯಲ್ಲಿ ನಿಂತು, ಮಕ್ಕಳು ನಿದ್ದೆಯನ್ನು ತಡೆದುಕೊಂಡು ಕೇಳುವರು. ಭಾರತದ ವಾಚನಕ್ಕೆ ಕುಳಿತ ಮನೆಯೇ ಕಾದಂಬರಿಯ ವಾಚನಕ್ಕೂ ಕುಳಿತಿತು. ಕುತೂಹಲದ ಸ್ಥಳದಲ್ಲಿ ‘ಮುಂದುವರಿಯುವದು’ ಎಂಬ ಪದವು ಬಂದುಬಿಟ್ಟರೆ ಲೇಖಕನನ್ನು ಬೈದು ಮಲಗುವದು, ಮುಂದಿನ ತಿಂಗಳ ವರೆಗೆ ಬಾವಿಯ ಕಟ್ಟೆಯ ಮೇಲೆ ಅದೇ ಮಾತು. ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸಬೇಕೋ ಬಾರದೋ ಎಂಬ ಚರ್ಚೆಯು ಹೊರಗೆ ನಡೆಯುತ್ತಿದ್ದ ಆ ದಿನಗಳಲ್ಲಿ, ಒಳಗೆ ಬಾಗಿಲ ಮರೆಯಲ್ಲಿ ನಿಂತವರಿಗೆ ತಾವೇ ಓದಿಕೊಳ್ಳಬೇಕೆಂಬ ಆಸೆಯನ್ನು ಇಂಥ ಕಥೆಗಳು ಹುಟ್ಟಿಸಿದ್ದರೆ ಆಶ್ಚರ್ಯವೇನು?

ಆ ಕಾದಂಬರಿಗಳಲ್ಲಿ ಎರಡರ ಮಾತನ್ನು ಇಲ್ಲಿ ಹೇಳಬೇಕು. ‘ಕನ್ನಡಿಗರ ಕರ್ಮಕಥೆ’ಯು 1565ರ ಯುದ್ಧದಲ್ಲಿ ವಿಜಯನಗರವು ಬಿದ್ದ ದುಃಖದ ಕಥೆ. 1923ರಲ್ಲಿ ಪ್ರಕಟವಾದ ‘ಮಾಧವ ಕರುಣಾವಿಲಾಸ’ವು ಅದೇ ರಾಜ್ಯವು ಕಟ್ಟಲ್ಪಟ್ಟ ಉತ್ಸಾಹದ ಕಥೆ. ಮೊದಲನೆಯದು ಮರಾಠಿಯ ಹರಿ ನಾರಾಯಣ ಆಪಟೆಯವರ (1864–1919) ‘ವಜ್ರಾಘಾತ’ವನ್ನು ಅನುಸರಿಸಿ ಬರೆದದ್ದು. ಇದರಲ್ಲಿ ಒಂದು ವಿಚಿತ್ರವಿದೆ. ಮರಾಠಿಯನ್ನು ಓದುತ್ತಿದ್ದ ಕನ್ನಡಿಗರನ್ನು ಕನ್ನಡಕ್ಕೆ ಕರೆತರಲು ಗಳಗನಾಥರು ಮರಾಠಿಯ ರಸವನ್ನೇ ಉಪಯೋಗಿಸಿಕೊಂಡರು! ಹಾಗೆ ಬಂದ ವಾಚಕರು ಮತ್ತೆ ತಿರುಗಿ ಹೋಗಲಿಲ್ಲ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಹೊರಟು, ನಮಗೂ ಒಂದು ಇತಿಹಾಸವುಂಟೆಂದು ಪ್ರಮಾಣಗಳಿಂದ ತೋರಿಸಿತು. ಗಳಗನಾಥರು ಅದನ್ನೇ ಕಥೆಯ ರೂಪದಿಂದ ಪಡಸಾಲೆಗೆ ತಂದರು. ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತವನ್ನು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಜನರು ಕೇಳಿ ಪುಲಕಿತರಾದರು. ಸಾಂಗಲಿ, ಮಿರಜ, ಮುಂಬಯಿ ಎಂಬ ಗಡಿಗಳನ್ನು ಟಪಾಲಿನ ಕಾದಂಬರಿಯು ಅದಾಗಲೇ ದಾಟಿ, ಶಿರಹಟ್ಟಿಯ ವಾಚಕನೂ ಗದಗಿನ ವಾಚಕನೂ ಒಂದೇ ತಿಂಗಳಲ್ಲಿ ಒಂದೇ ಕಥೆಗೆ ಕಣ್ಣೀರು ಹಾಕುವಂತೆ ಮಾಡಿತ್ತು. 1956ರಲ್ಲಿ ನಾಡು ಒಂದಾಯಿತು. ಅದಕ್ಕೆ ಕಾರಣಗಳು ನೂರಾರು. ಅವುಗಳಲ್ಲಿ ಈ ಕೂಡಿ ಓದಿದ್ದೂ ಒಂದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇಷ್ಟು ಪ್ರೀತಿಯನ್ನು ಪಡೆದ ಲೇಖಕರಿಗೆ ಆ ಪ್ರೀತಿಯು ಸಿರಿಯನ್ನು ತಂದುಕೊಡಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ನಾಡಿನಲ್ಲಿ ಇಂದಿಗೂ ಹೇಳಿಕೆಯಾಗಿ ಉಳಿದಿದೆ. ‘ಸದ್ಬೋಧಚಂದ್ರಿಕೆ’ಯನ್ನು ಬಿಟ್ಟ ಬಳಿಕ ಅವರು ‘ಸದ್ಗುರು’ ಎಂಬ ಪತ್ರಿಕೆಯನ್ನು ನಡೆಸಿದರು. 1942ರಲ್ಲಿ ತೀರಿಕೊಂಡರು. ಕಾದಂಬರಿ ಪಿತಾಮಹರೆಂಬ ಬಿರುದು ಅವರ ಹೆಸರಿನೊಂದಿಗೆ ನಿಂತಿದೆ. ಒಂದು ಪ್ರತಿಯನ್ನು ಹತ್ತು ಮನೆಯವರು ಓದಿದ್ದು ಭಾಷೆಗೆ ಒಳ್ಳೆಯದೇ ಆಯಿತು. ಆದರೆ ಹತ್ತು ಮನೆಯವರಲ್ಲಿ ಒಂಬತ್ತು ಮನೆಯವರು ಕಡ ತಂದು ಓದಿದರೆ ಬರೆದವನು ಗಂಟನ್ನು ಹೊರಬೇಕಾಗುತ್ತದೆ. ವಾಚಕರ ನಿಷ್ಠೆಯನ್ನು ಹೊಗಳುವಾಗ ಈ ಮಾತನ್ನು ಮರೆಮಾಚುವದು ಸರಿಯಲ್ಲ.

ಈ ಕೊರತೆಯನ್ನು ತುಂಬುವ ಉಪಾಯವನ್ನು ಮಾಡಿ ತೋರಿಸಿದವರು ಗದಗ ತಾಲೂಕಿನ ಹೊಂಬಳದವರೇ ಆದ ಜಿ. ಬಿ. ಜೋಶಿಯವರು (1904–1993). ‘ಜಡಭರತ’ ಎಂಬದು ಅವರ ಕಾವ್ಯನಾಮ. 1933ರ ಅಗಸ್ಟ 15ರಂದು ಅವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಪದ್ಧತಿಯು ಸರಳವಾದದ್ದು. ವಾಚಕನು ವರ್ಷದ ವರ್ಗಣಿಯನ್ನು ಮುಂಗಡವಾಗಿ ಕೊಡಬೇಕು. ಆ ವರ್ಷದಲ್ಲಿ ಹೊರಡುವ ಪುಸ್ತಕಗಳು ಅವನ ಮನೆಗೆ ಬರುವವು. ಅಂಗಡಿಗೆ ಹೋಗಿ ಆರಿಸಿಕೊಳ್ಳುವ ಶ್ರಮವಿಲ್ಲ, ಬೆಲೆಯೂ ಕಡಿಮೆ. ಪ್ರಕಾಶಕನಿಗೆ ಕಾಗದಕ್ಕೂ ಅಚ್ಚಿಗೂ ಬೇಕಾದ ಹಣವು ಕೈಯಲ್ಲಿ ಇರುವದು. ಪುಸ್ತಕವು ಅಚ್ಚಾಗುವ ಮೊದಲೇ ಅದಕ್ಕೆ ಇಷ್ಟು ಜನ ವಾಚಕರಿದ್ದಾರೆಂಬದು ಗೊತ್ತಿರುವದು. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಓಬ್ರಿಯಾನನ ವಾಚಕನು ಒಬ್ಬ ಲೇಖಕನನ್ನು ನಂಬಿದನು. ಗ್ರಂಥಮಾಲೆಯ ವಾಚಕನು ಆರಿಸುವವನ ವಿವೇಕವನ್ನು ನಂಬುವನು. ಈ ವರ್ಷ ಯಾರ ಪುಸ್ತಕವು ಬರುವದೋ ಅವನಿಗೆ ತಿಳಿಯದು, ಬಂದದ್ದನ್ನು ಓದುವನು.

ಆ ವಿವೇಕದಲ್ಲಿ ಜೋಶಿಯವರಿಗೆ ಬಲಗೈಯಾದವರು ನಮ್ಮ ಕುರ್ತಕೋಟಿಯ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಕೀರ್ತಿನಾಥ ಕುರ್ತಕೋಟಿಯವರು (1928–2003). ಗದಗಿನಲ್ಲಿ ಹುಟ್ಟಿದ ಅವರು ಗುಜರಾಥದಲ್ಲಿ ಅಧ್ಯಾಪಕರಾಗಿ ಬಹುಕಾಲ ಕಳೆದರು. ಆದರೂ ಗ್ರಂಥಮಾಲೆಯ ನಂಟನ್ನು ಬಿಡಲಿಲ್ಲ. ಮಾಲೆಗೆ ಇಪ್ಪತ್ತೈದು ವರ್ಷಗಳು ತುಂಬಿದ ಸಂದರ್ಭದಲ್ಲಿ ಹೊರಟ ‘ನಡೆದು ಬಂದ ದಾರಿ’ ಎಂಬ ಸಂಪುಟಗಳಲ್ಲಿ ಹೊಸಗನ್ನಡ ಸಾಹಿತ್ಯದ ಸಮೀಕ್ಷೆಯು ಅವರ ಲೇಖನಿಯಿಂದ ಬಂದಿತು. ‘ಉರಿಯ ನಾಲಗೆ’ ಎಂಬ ವಿಮರ್ಶಾಗ್ರಂಥಕ್ಕೆ 1995ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಧಾರವಾಡದ ಸುಭಾಸ ರಸ್ತೆಯಲ್ಲಿರುವ ಗ್ರಂಥಮಾಲೆಯ ‘ಅಟ್ಟ’ವು ಬೇಂದ್ರೆಯವರಿಂದ ಗಿರೀಶ ಕಾರ್ನಾಡರ ವರೆಗೆ ಎಷ್ಟೋ ಜನ ಲೇಖಕರ ಹರಟೆಯ ಸ್ಥಳವಾಗಿತ್ತು.

ಈ ಮಾಲೆಯ ವಾಚಕರ ನಿಷ್ಠೆಗೆ ಕಠಿಣವಾದ ಪರೀಕ್ಷೆಗಳೂ ಬಂದವು. 1961ರಲ್ಲಿ ಇಪ್ಪತ್ತುಮೂರು ವರ್ಷದ ತರುಣನೊಬ್ಬನ ಮೊದಲ ನಾಟಕವು ಅವರ ಮನೆಗೆ ಬಂದಿತು. ಅದು ಕಾರ್ನಾಡರ ‘ಯಯಾತಿ’. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿ ಸಿಟ್ಟಾದವರು ಎಷ್ಟೋ ಜನ, ಅದರ ಮೇಲೆ ದೊಡ್ಡ ವಾದವೇ ನಡೆಯಿತು. ವಾಚಕರು ತಮಗೆ ರುಚಿಸುವದನ್ನಷ್ಟೇ ಕೊಂಡುಕೊಳ್ಳುವವರಾಗಿದ್ದರೆ ಇಂಥ ಪುಸ್ತಕಗಳು ಅಚ್ಚಾಗುವದೇ ಕಷ್ಟವಾಗುತ್ತಿತ್ತು. ಮುಂಗಡ ಹಣವನ್ನು ಕೊಟ್ಟು ವರ್ಷವಿಡೀ ನಂಬಿ ಕುಳಿತವರ ಬಲದಿಂದಲೇ ಅವು ಹೊರಗೆ ಬಂದವು. ಮುಂದೆ ನಾಡಿನ ಆಚೆಗೂ ಹೆಸರನ್ನು ಪಡೆದವು.

ಇನ್ನು, ಒಬ್ಬನೇ ಲೇಖಕನು ಒಂದೇ ನೆಲವನ್ನು ಹಿಡಿದು ಬರೆದ ಮಾಲೆಗೆ ಕನ್ನಡದಲ್ಲಿ ಉದಾಹರಣೆಯು ಬೇಕಾದರೆ ತ. ರಾ. ಸುಬ್ಬರಾಯರ (1920–1984) ಚಿತ್ರದುರ್ಗದ ಕಾದಂಬರಿಗಳನ್ನು ಹೆಸರಿಸಬೇಕು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರರಿಂದ ಮೊದಲಾಗಿ, ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’ಗಳನ್ನು ಹಾಯ್ದು, 1982ರ ‘ದುರ್ಗಾಸ್ತಮಾನ’ದ ವರೆಗೆ ಎಂಟು ಕಾದಂಬರಿಗಳಲ್ಲಿ ದುರ್ಗದ ನಾಯಕರ ಏಳುಬೀಳುಗಳನ್ನು ಅವರು ಚಿತ್ರಿಸಿದರು. 1779ರಲ್ಲಿ ಹೈದರಲಿಯ ಕೈಗೆ ದುರ್ಗವು ಬಿದ್ದು ಮದಕರಿನಾಯಕನ ಆಳಿಕೆಯು ಮುಗಿದದ್ದು ಕೊನೆಯ ಕಾದಂಬರಿಯ ವಸ್ತು. ಅದಕ್ಕೆ 1985ರಲ್ಲಿ ಅಕಾಡೆಮಿಯ ಪ್ರಶಸ್ತಿಯು ಬಂದಾಗ ಲೇಖಕರು ಇರಲಿಲ್ಲ. ಆ ಎಂಟನ್ನೂ ಸಾಲಾಗಿ ಜೋಡಿಸಿಟ್ಟುಕೊಂಡು, ದುರ್ಗದ ಬೆಟ್ಟವನ್ನು ಹತ್ತುವಾಗ ಇದು ಇಂಥ ಬಾಗಿಲು, ಇಲ್ಲಿ ಇಂಥದು ನಡೆಯಿತೆಂದು ಮಕ್ಕಳಿಗೆ ತೋರಿಸುವ ತಂದೆತಾಯಿಗಳನ್ನು ನಾವು ಬಲ್ಲೆವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಿಂಬಾಲಿಸಿ ಓದುವದನ್ನು ಕಲಿತವರೂ ನಮ್ಮಲ್ಲಿ ಬಹಳ ಜನ. ಪಂಡಿತರು ಅಂಥ ಪುಸ್ತಕಗಳನ್ನು ಲೆಕ್ಕಕ್ಕೆ ಹಿಡಿಯದಿರಬಹುದು. ಓದುವ ಚಟವನ್ನು ಹತ್ತಿಸಿದ ಉಪಕಾರವಂತೂ ಅವುಗಳದ್ದು ಚಿಕ್ಕದಲ್ಲ.

ಹಾಗಾದರೆ ಮಾಲೆಯಲ್ಲಿ ಬಿಡಿ ಪುಸ್ತಕದಲ್ಲಿಲ್ಲದ ಗುಣವೇನು? ನಮಗೆ ಕಾಣುವ ಮಟ್ಟಿಗೆ ಮೂರು ಗುಣಗಳು. ಒಂದು, ಪಾತ್ರಗಳು ನಮ್ಮ ಸಂಗಡ ವಯಸ್ಸಾಗುತ್ತವೆ. ತರುಣರಾಗಿದ್ದಾಗ ಪರಿಚಯವಾದ ಕಥಾನಾಯಕನಿಗೆ ನಾವು ಗೃಹಸ್ಥರಾಗುವಷ್ಟರಲ್ಲಿ ಸಾಲವೂ ಸಂಸಾರವೂ ಆಗಿರುತ್ತವೆ. ಎರಡು, ಕಾಯುವ ಅಭ್ಯಾಸ. ಒಂದು ತಿಂಗಳು ಕಾಯ್ದು ಪಡೆದ ಹತ್ತು ಪುಟಗಳನ್ನು ಮನಸ್ಸು ಬಿಡದೆ ಮೆಲುಕು ಹಾಕುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸಿದ ಇನ್ನೂರು ಪುಟಗಳು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತವೆ. ಮೂರು, ಮಾತಿಗೆ ಒಂದು ಪುರವಣಿ. ಒಂದೇ ಮಾಲೆಯನ್ನು ಓದಿದ ಮಾವನಿಗೂ ಅಳಿಯನಿಗೂ, ಅತ್ತೆಗೂ ಸೊಸೆಗೂ, ಮನೆಯ ತಂಟೆಯ ಹೊರತು ಆಡಲಿಕ್ಕೆ ಬೇರೆ ಮಾತು ಇರುತ್ತದೆ. ಇದು ಸಂಸಾರಕ್ಕೆ ಎಷ್ಟು ಹಿತವೆಂಬದನ್ನು ಬಲ್ಲವರೇ ಬಲ್ಲರು.

ದೋಷಗಳೂ ಇಲ್ಲದಿಲ್ಲ. ನಿಷ್ಠೆಯು ಹೆಚ್ಚಾದಲ್ಲಿ ಕಥೆಯನ್ನೇ ಇತಿಹಾಸವೆಂದು ನಂಬುವ ಭಯವುಂಟು. ವಿಜಯನಗರದ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರವೆಷ್ಟೆಂಬ ವಿಷಯವಾಗಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಕಾದಂಬರಿಯಲ್ಲಿ ಅಂಥ ಸಂಶಯಕ್ಕೆ ಎಡೆಯಿಲ್ಲ. ಗತಕಾಲದ ವೈರವನ್ನು ಕಥೆಯಲ್ಲಿ ಓದಿ, ಅದನ್ನು ಇಂದಿನ ನೆರೆಹೊರೆಯವರ ಮೇಲೆ ಸಾಧಿಸಹೋಗುವ ಮೂಢರೂ ಉಂಟು. ಓಬ್ರಿಯಾನನ ಮೊದಲ ಕಾದಂಬರಿಯ ಸಾಹಸಕ್ಕೆ 1801ರ ಮೇ ತಿಂಗಳಲ್ಲಿ ನಿಜವಾಗಿ ನಡೆದ ಒಂದು ಕಾಳಗವು ಆಧಾರ. ಅದರಲ್ಲಿ ಕಾಕ್ರೇನ್ ಎಂಬ ಕಪ್ತಾನನು 14 ತೋಪುಗಳ, 54 ಜನರ ಚಿಕ್ಕ ಹಡಗಿನಿಂದ 32 ತೋಪುಗಳ, 319 ಜನರ ಸ್ಪೇನದ ಹಡಗನ್ನು ಹಿಡಿದನು. ಕಟ್ಟುಕಥೆಗಿಂತ ನಿಜವೇ ಇಲ್ಲಿ ಹೆಚ್ಚು ನಂಬಲಾಗದ್ದಾಗಿದೆ. ಆದುದರಿಂದಲೇ ಒಳ್ಳೆಯ ವಾಚಕನು ಕಾದಂಬರಿಯನ್ನು ಮುಚ್ಚಿದ ಮೇಲೆ ಇತಿಹಾಸವನ್ನೂ ತೆರೆಯುತ್ತಾನೆ. ಆಪಟೆಯವರ ಮೂಲವೇನು, ಗಳಗನಾಥರು ಕೂಡಿಸಿದ್ದೇನು, ಶಾಸನಗಳು ಹೇಳುವದೇನು ಎಂದು ಕೇಳುವ ವಾಚಕನ ನಿಷ್ಠೆಯು ಕುರುಡಲ್ಲ. ಅವನಿಂದ ಲೇಖಕನಿಗೆ ಗೌರವವು ಹೆಚ್ಚೇ ಹೊರತು ಕಡಿಮೆಯಾಗಲಾರದು.

ಈಗ ನಮ್ಮ ಮನೆಗಳ ಮಾತು. ಕಂದೀಲು ಹೋಗಿ ವಿದ್ಯುದ್ದೀಪವು ಬಂದಿತು; ಟಪಾಲಿನ ಚೀಲವನ್ನು ಕಾಯುವ ಕಾಲವೂ ಹೋಯಿತು. ಇಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ವರ ಕೈಯಲ್ಲಿಯೂ ಒಂದೊಂದು ಮೊಬೈಲು. ಒಬ್ಬೊಬ್ಬರಿಗೂ ಬೇರೆ ಬೇರೆ ಕಥೆ. ದೂರದರ್ಶನದ ಧಾರಾವಾಹಿಯ ಮುಂದೆ ಕುಳಿತವರಲ್ಲಿಯೂ ನಾಳೆಯ ಕಂತಿಗಾಗಿ ಕಾಯುವ ಹಂಬಲವು ಇದ್ದೇ ಇದೆ. ಹಂಬಲವು ಸತ್ತಿಲ್ಲ, ಅದು ಪುಸ್ತಕದ ಕಡೆಗೆ ತಿರುಗುವದು ಮಾತ್ರ ಕಡಿಮೆಯಾಗಿದೆ. ಮಕ್ಕಳು ಇಂಗ್ಲೀಷ ಸಾಲೆಗೆ ಹೋಗುವರು. ಇಂಗ್ಲೀಷಿನ ಮಾಂತ್ರಿಕ ಹುಡುಗನ ಏಳು ಭಾಗಗಳ ಕಥೆಯನ್ನು ಮೂರು ಸಲ ಓದಿ ಮುಗಿಸುವರು. ಅದನ್ನು ಕಂಡು ನಾವು ಕೊರಗಬೇಕಾದುದಿಲ್ಲ; ಏಳು ಭಾಗಗಳನ್ನು ಓದಬಲ್ಲ ಮಕ್ಕಳಿಗೆ ಎಂಟು ಭಾಗಗಳ ದುರ್ಗವು ಭಾರವಾಗದು. ಆದರೆ ಅದು ಅವರ ಕೈಗೆ ಎಟಕುವಂತೆ ಮನೆಯಲ್ಲಿ ಇರಬೇಕು. ನೂರು ವರ್ಷಗಳ ಹಿಂದೆ ಕಲಿತವರು ಮನೆಯಲ್ಲಿ ಕನ್ನಡವನ್ನಾಡಿ ಮರಾಠಿಯನ್ನು ಓದಿದರು. ಇಂದು ಮನೆಯಲ್ಲಿ ಕನ್ನಡವನ್ನಾಡಿ ಇಂಗ್ಲೀಷನ್ನು ಓದುತ್ತಾರೆ. ಅಂದು ಗಂಟನ್ನು ಹೊತ್ತು ಬಾಗಿಲಿಗೆ ಬಂದವರೊಬ್ಬರಿದ್ದರು. ಇಂದು ಬಾಗಿಲಿಗೆ ಬರುವವರಿಲ್ಲ. ತರುವ ಹೊಣೆಯು ಮನೆಯ ಯಜಮಾನನದೂ ಯಜಮಾನಿಯದೂ ಆಗಿದೆ.

ಆದುದರಿಂದ ಗೃಹಸ್ಥರಾದ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೇ. ಮನೆಯ ವರ್ಷದ ಖರ್ಚಿನ ಲೆಕ್ಕದಲ್ಲಿ ಉಪ್ಪು ಎಣ್ಣೆಗಳ ಸಂಗಡ ಪುಸ್ತಕಕ್ಕೂ ಒಂದು ಕಲಮನ್ನು ಇಡಿರಿ. ಹಬ್ಬದ ಹೊಸ ಬಟ್ಟೆಯ ಬೆಲೆಯ ಹತ್ತನೆಯ ಒಂದು ಪಾಲಾದರೂ ಸಾಕು. ಒಂದು ಮಾಲೆಯನ್ನು ಆರಿಸಿಕೊಳ್ಳಿರಿ. ಗ್ರಂಥಮಾಲೆಯ ವರ್ಗಣಿದಾರರಾದರೂ ಸರಿಯೇ, ಒಬ್ಬ ಲೇಖಕನ ಕಾದಂಬರಿಗಳನ್ನು ಒಂದೊಂದಾಗಿ ಕೊಂಡರೂ ಸರಿಯೇ. ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ ಅರ್ಧ ತಾಸು, ಒಂದು ಪ್ರಕರಣವನ್ನು ಗಟ್ಟಿಯಾಗಿ ಓದಿರಿ. ಓದುವವರು ಪ್ರತಿ ಸಲ ಬದಲಾಗಲಿ. ಹತ್ತು ವರ್ಷದ ಮಗಳು ತಡವರಿಸುತ್ತ ಓದಿದರೂ ಕೇಳಿರಿ. ಎಷ್ಟೇ ಆಗ್ರಹ ಮಾಡಿದರೂ ಆ ರಾತ್ರಿ ಮುಂದಿನ ಪ್ರಕರಣವನ್ನು ತೆರೆಯಬೇಡಿರಿ. ಅವರು ಕಾಯಲಿ. ಎರಡು ದಿನ ಬಿಟ್ಟು, ನೀವು ಮರೆತಿರುವಿರೆಂದು ತಿಳಿದು, ಮಕ್ಕಳೇ ಪುಸ್ತಕವನ್ನು ತಂದು ನಿಮ್ಮ ಮಡಿಲಲ್ಲಿ ಇಟ್ಟರೆ ನಿಮ್ಮ ಹಣವು ಸಾರ್ಥಕವಾಯಿತೆಂದು ತಿಳಿಯಿರಿ.